ಡಾರ್ಕ್ ಪಾಪ್: ಹಾಡಿನೊಳಗೆ ಮಾತಾಡುತ್ತಿರುವುದು ಯಾರು?

"ರಾತ್ರಿಯೆಲ್ಲಾ ಕಿವಿಗೆ ಹಾಕ್ಕೊಂಡು ಇಂಗ್ಲಿಷ್ ಹಾಡು ಕೇಳ್ತಾಳ್ರಿ ಸರ. ಓದ್ಕೋತ ಕೇಳ್ತಾಳ, ಕೇಳ್ಲಿ ಬಿಡು ಅಂತ ಸುಮ್ನಿದ್ವಿ. ಮೊನ್ನೆ ಅದರಾಗಿನ ಮಾತು ಓದಿದ್ರ ಬರೀ ಸಾಯೋದು, ಹೂಳೋದು, ದೆವ್ವ. ಏನ್ರಿ ಇದು?"

ಬಳ್ಳಾರಿಯ ಪಿಯು ಕಾಲೇಜುಗಳ ಪೋಷಕರ ಸಭೆಗಳಲ್ಲಿ ಈಗ ತಾಯಂದಿರಿಂದ ಇಂಥ ಮಾತು ಕೇಳಿಬರುತ್ತದೆ. ಸಿರುಗುಪ್ಪ, ಕಂಪ್ಲಿ, ಸಂಡೂರು ಕಡೆಯಿಂದ ಬಂದು ಮಕ್ಕಳನ್ನು ಹಾಸ್ಟೆಲಿನಲ್ಲಿ ಬಿಟ್ಟು ಹೋದವರಿಗಂತೂ ಚಿಂತೆ ಇನ್ನೂ ಜಾಸ್ತಿ. ಕಣ್ಣೆದುರಿಗೆ ಇಲ್ಲದ ಮಗಳು ಕೇಳುವ ಹಾಡು ಅವರ ತಲೆಯಲ್ಲಿ ದೊಡ್ಡದಾಗಿ ಬೆಳೆಯುತ್ತದೆ.

ಅವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ. "ಅಯ್ಯೋ, ಅದು ಬರೀ ಹಾಡು, ತಲೆ ಕೆಡಿಸ್ಕೋಬೇಡಿ" ಅನ್ನುವುದು ಒಂದು. "ಮೊದಲು ಫೋನ್ ಕಿತ್ಕೊಳ್ಳಿ" ಅನ್ನುವುದು ಇನ್ನೊಂದು. ಎರಡನ್ನೂ ಹೇಳುವವರು ಆ ಹಾಡನ್ನು ಒಮ್ಮೆಯೂ ಪೂರ್ತಿ ಕೇಳಿರುವುದಿಲ್ಲ. ನನಗೇನೋ ಆ ತಾಯಿಯ ಪ್ರಶ್ನೆಯೇ ಸರಿ ಅನ್ನಿಸುತ್ತದೆ. ಹಾಡಿನ ಅರ್ಥ ಏನು ಅಂತ ಕೇಳದೆ ಇನ್ನೇನು ಕೇಳಬೇಕು? ಉತ್ತರ ಹುಡುಕುವ ದಾರಿ ಮಾತ್ರ ನಮಗೆ ಅಷ್ಟಾಗಿ ರೂಢಿಯಲ್ಲಿಲ್ಲ.

ಆ ಮಗಳು ಕೇಳುವಂಥ ಹಾಡಿಗೆ ಡಾರ್ಕ್ ಪಾಪ್ ಅನ್ನುತ್ತಾರೆ. ಅದಕ್ಕೆ ಗೆರೆ ಎಳೆದಂಥ ವ್ಯಾಖ್ಯೆ ಇಲ್ಲ. ನಿಧಾನದ ಲಯ, ಎದೆಗೆ ಬಡಿಯುವ ಬೇಸ್, ಪಿಸುಗುಟ್ಟುವ ದನಿ, ಸಾವು, ಒಂಟಿತನ, ಚಟ, ಮುರಿದ ಪ್ರೀತಿಯ ಸುತ್ತ ಸುತ್ತುವ ಸಾಹಿತ್ಯ. ಇಷ್ಟು ಇದ್ದರೆ ಜನ ಆ ಹೆಸರಿಟ್ಟು ಕರೆಯುತ್ತಾರೆ. 2010ರ ನಂತರದ ದಶಕದಲ್ಲಿ ಲಾನಾ ಡೆಲ್ ರೇ, ಲಾರ್ಡ್, ದಿ ವೀಕೆಂಡ್ ಮುಂತಾದ ಹಾಡುಗಾರರಿಂದ ಇದು ಮುಖ್ಯವಾಹಿನಿಗೆ ಬಂತು. ಅಮೆರಿಕದ ಗಾಯಕಿ ಬಿಲ್ಲಿ ಐಲಿಶ್ ಬರುವ ಹೊತ್ತಿಗೆ ಇದೇ ಮುಖ್ಯವಾಹಿನಿಯಾಗಿತ್ತು. 2020ರ ಜನವರಿಯಲ್ಲಿ, 18ರ ವಯಸ್ಸಿಗೆ, ಆಕೆ ಅಮೆರಿಕದ ದೊಡ್ಡ ಸಂಗೀತ ಪ್ರಶಸ್ತಿಯಾದ ಗ್ರ್ಯಾಮಿಯ ನಾಲ್ಕೂ ಪ್ರಮುಖ ಪ್ರಶಸ್ತಿಗಳನ್ನು ಒಂದೇ ರಾತ್ರಿ ಗೆದ್ದಳು. ಆ ಗೆಲುವು ತಂದ ಆಲ್ಬಮ್ಮಿನ ಹಾಡುಗಳನ್ನು ಕಟ್ಟಿದ್ದು ಲಾಸ್ ಏಂಜಲಿಸ್‌ನ ಮನೆಯಲ್ಲಿ, ಅಣ್ಣ ಫಿನಿಯಸ್‌ನ ಮಲಗುವ ಕೋಣೆಯಲ್ಲಿ. ಅಂದರೆ ನಿಮ್ಮ ಮಗಳು ಕೇಳುತ್ತಿರುವುದು ಯಾವುದೋ ಕತ್ತಲೆ ಮೂಲೆಯ ಗುಟ್ಟಿನ ಹಾಡಲ್ಲ. ಲೋಕವೆಲ್ಲ ಕೇಳುವ ಹಾಡೇ.

ಇನ್ನು ನಮಗೆ ರೂಢಿ ಯಾಕಿಲ್ಲ ಅನ್ನುವುದು. ನಾವು ಹಾಡು ಕೇಳುವುದನ್ನು ಕಲಿತದ್ದು ಸಿನಿಮಾದಿಂದ. ಬಳ್ಳಾರಿ, ರಾಯಚೂರಿನವರಂತೂ ಕನ್ನಡ, ತೆಲುಗು, ಹಿಂದಿ ಮೂರನ್ನೂ ಕೇಳಿ ಬೆಳೆದವರು. ಸಿನಿಮಾ ಹಾಡಿಗೆ ಒಂದು ಸನ್ನಿವೇಶ ಇರುತ್ತದೆ. ನಿರ್ದೇಶಕ ಸನ್ನಿವೇಶ ಹೇಳುತ್ತಾನೆ, ಕವಿ ಬರೆಯುತ್ತಾನೆ, ಇನ್ಯಾರೋ ಹಾಡುತ್ತಾರೆ, ನಾಯಕ ತುಟಿ ಆಡಿಸುತ್ತಾನೆ. ಪ್ಯಾಥೋ ಸಾಂಗಿನಲ್ಲಿ ನಾಯಕ "ಈ ಬದುಕೇ ಬೇಡ" ಅಂದರೆ ಹಾಡಿದ ಗಾಯಕನಿಗೆ ಏನಾಯಿತಪ್ಪ ಅಂತ ಯಾರೂ ಗಾಬರಿಯಾಗುವುದಿಲ್ಲ. ಬರೆದ ಕವಿಯ ಮನೆಗೂ ಯಾರೂ ಓಡುವುದಿಲ್ಲ. ಆ ಮಾತು ಪಾತ್ರದ್ದು ಅಂತ ಪರದೆಯೇ ತೋರಿಸಿಬಿಟ್ಟಿರುತ್ತದೆ.

ಪಾಪ್ ಹಾಡಿಗೆ ಆ ಸಿನಿಮಾ ಇಲ್ಲ. ಬರೆದವಳೂ ಅವಳೇ, ಹಾಡಿದವಳೂ ಅವಳೇ, ಪೋಸ್ಟರಿನಲ್ಲಿರುವ ಮುಖವೂ ಅವಳದ್ದೇ. ಸನ್ನಿವೇಶದ ಜಾಗ ಖಾಲಿ ಬಿದ್ದಿರುತ್ತದೆ. ಆ ಖಾಲಿ ಜಾಗಕ್ಕೆ ನಾವು ಹಾಡುವವಳ ಬದುಕನ್ನೇ ತಂದು ತುಂಬುತ್ತೇವೆ. ಹಾಡುವವಳು "ನಾನು" ಅಂದಳೆಂದರೆ ಅದು ಅವಳೇ ಅಂದುಕೊಳ್ಳುತ್ತೇವೆ. ಹಾಗಾಗಿ ಸಾಹಿತ್ಯ ಓದುವ ಮೊದಲು ಕೇಳಬೇಕಾದದ್ದು ಇಷ್ಟೇ: ಇಲ್ಲಿ ಮಾತಾಡುತ್ತಿರುವುದು ಯಾರು, ಯಾರ ಹತ್ತಿರ?

ಒಂದು ಹಾಡನ್ನು ಹತ್ತಿರದಿಂದ ನೋಡೋಣ. ಬಿಲ್ಲಿ ಐಲಿಶ್‌ಳ 'ಬರಿ ಎ ಫ್ರೆಂಡ್', 2019ರ ಜನವರಿಯಲ್ಲಿ ಬಂದದ್ದು. ಗೆಳೆಯರನ್ನು ಹೂಳುವ ಮಾತು ಹೆಸರಿನಲ್ಲೇ ಇದೆ. ಆ ತಾಯಿ ಓದಿದ್ದು ಇದನ್ನೇ ಇರಬಹುದು. ಬರೀ ಸಾಲುಗಳನ್ನು ಓದಿದರೆ ಎದೆ ಝಲ್ಲೆನ್ನುವುದು ಸಹಜ. ಆದರೆ ಹಾಡು ಶುರುವಾಗುವುದೇ ಒಂದು ಗಂಡು ದನಿ "ಬಿಲ್ಲಿ" ಅಂತ ಹೆಸರು ಹಿಡಿದು ಕರೆಯುವುದರಿಂದ. ಅಲ್ಲೇ ಒಂದು ಸುಳಿವು ಸಿಕ್ಕಿತು. ಬಿಲ್ಲಿ ಈ ಹಾಡಿನಲ್ಲಿ ಮಾತು ಕೇಳಿಸಿಕೊಳ್ಳುವವಳೂ ಹೌದು. ಆಮೇಲೆ ಬರುವುದು ಪ್ರಶ್ನೆಗಳು. ನನ್ನಿಂದ ನಿನಗೇನು ಬೇಕು, ನನ್ನನ್ನು ಕಂಡು ಯಾಕೆ ಓಡುತ್ತಿಲ್ಲ ಅನ್ನುವ ಧಾಟಿಯವು. ಯಾರು ಯಾರಿಗೆ ಹೀಗೆ ಕೇಳಿಯಾರು? ಹೆದರಿಸಲು ಬಂದ ದೆವ್ವ, ಹೆದರದೆ ಮಲಗಿರುವ ಹುಡುಗಿಗೆ. ಈ ಹಾಡು ಮಂಚದ ಕೆಳಗಿನ ದೆವ್ವದ ಬಾಯಿಂದ ಬಂದದ್ದು ಅಂತ ಬಿಲ್ಲಿಯೇ ಹೇಳಿದ್ದಾಳೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಆ ದೆವ್ವವೂ ನಾನೇ, ನನಗೆ ನಾನೇ ದೊಡ್ಡ ಶತ್ರು ಅಂತಲೂ ಸೇರಿಸಿದಳು.

ಇಷ್ಟು ಗೊತ್ತಾದ ಮೇಲೆ ಹಾಡಿನ ಸದ್ದು ಕೂಡ ಬೇರೆಯಾಗಿ ಕೇಳಿಸುತ್ತದೆ. ನಡುನಡುವೆ ಕೇಳುವ ಕಿರ್ರೆನ್ನುವ ಸದ್ದು ಹಲ್ಲಿನ ಡಾಕ್ಟರ ಡ್ರಿಲ್ಲಿನದು. ಮಕ್ಕಳು ನಿಜವಾಗಿ ಹೆದರುವ ಸದ್ದು ಅದು, ಅಲ್ವಾ? ಇಡೀ ಆಲ್ಬಮ್ಮೇ ನಿದ್ದೆಯ ಸುತ್ತ ಕಟ್ಟಿದ್ದು. ಕೆಟ್ಟ ಕನಸು, ಎಚ್ಚರವಿದ್ದೂ ಮೈ ಅಲುಗದಂಥ ಸ್ಥಿತಿ ಅದರ ಸಾಮಗ್ರಿ. ರಾತ್ರಿ ಹೆದರುವ ಹುಡುಗಿಯೊಬ್ಬಳು ತನ್ನ ಭಯಕ್ಕೇ ಬಾಯಿ ಕೊಟ್ಟು ಮಾತಾಡಿಸಿದ ಹಾಡು ಇದು. ಸಾಯಿರಿ ಅಂತಲೋ ಸಾಯಿಸಿ ಅಂತಲೋ ಹೇಳುವ ಹಾಡಲ್ಲ.

ಇನ್ನೊಂದು ಕಷ್ಟ ದನಿಯಲ್ಲೇ ಇದೆ. ಈ ಬಗೆಯ ಹಾಡುಗಳನ್ನು ಮೈಕಿಗೆ ತುಟಿ ತಾಗುವಷ್ಟು ಹತ್ತಿರ ಹಾಡಿ ದಾಖಲಿಸುತ್ತಾರೆ. ಉಸಿರು ಎಳೆದದ್ದು, ನಾಲಿಗೆ ಒದ್ದೆಯಾದದ್ದು ಕೂಡ ಕೇಳುತ್ತದೆ. ಅದು ಇಯರ್‌ಫೋನಿನಲ್ಲಿ, ರಾತ್ರಿ ಹನ್ನೊಂದಕ್ಕೆ, ಹಾಸ್ಟೆಲಿನ ಮಂಚದ ಮೇಲೆ ಕೇಳಿದರೆ ಗೆಳತಿಯೊಬ್ಬಳು ಕಿವಿಯಲ್ಲಿ ಗುಟ್ಟು ಹೇಳಿದ ಹಾಗೇ ಇರುತ್ತದೆ. ಗುಟ್ಟಿನ ದನಿಯಲ್ಲಿ ಬಂದದ್ದನ್ನು ನಿಜ ಅಂತ ನಂಬುವುದು ಮನುಷ್ಯನ ಗುಣ. ಸ್ಟುಡಿಯೋದಲ್ಲಿ ಇದನ್ನು ಬೇಕಂತಲೇ ಮಾಡುತ್ತಾರೆ.

ನಮ್ಮ ಕಡೆ ಈ ಗೊಂದಲ ಇರಬಾರದಿತ್ತು ನಿಜವಾಗಿ. ದೊಡ್ಡಾಟ ನೋಡಿ ಬೆಳೆದ ಜಿಲ್ಲೆಗಳು ಇವು. ರಾತ್ರಿಯೆಲ್ಲ ದುಶ್ಶಾಸನನಾಗಿ ಮೀಸೆ ತಿರುವಿ ಅಬ್ಬರಿಸಿದವನು ಬೆಳಿಗ್ಗೆ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ ತಿನ್ನುತ್ತ ಕೂತಿದ್ದರೆ ಯಾರೂ ಅವನಿಗೆ ಸೀರೆಯ ಲೆಕ್ಕ ಕೇಳುವುದಿಲ್ಲ. ಪಾತ್ರ ಎಷ್ಟು ಕೆಟ್ಟದ್ದೋ ಕಟ್ಟಿದವನಿಗೆ ಅಷ್ಟು ಚಪ್ಪಾಳೆ. ನಟ ಬಳ್ಳಾರಿ ರಾಘವರ ಹೆಸರಿನ ರಂಗಮಂದಿರ ಇಟ್ಟುಕೊಂಡ ಊರಿಗೆ ಇದನ್ನು ಬಿಡಿಸಿ ಹೇಳಬೇಕಾ?

ತಪ್ಪು ಇನ್ನೊಂದು ದಿಕ್ಕಿನಿಂದಲೂ ಆಗುತ್ತದೆ. ಕತ್ತಲೆಯ ಹಾಡನ್ನು ಬೆಳಕಿನ ಹಾಡು ಅಂದುಕೊಳ್ಳುವುದು. ಇದಕ್ಕೆ 'ದಿ ಪೊಲೀಸ್' ತಂಡದ 'ಎವ್ರಿ ಬ್ರೆತ್ ಯೂ ಟೇಕ್'ಗಿಂತ ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. 1983ರಲ್ಲಿ ಬಂದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿತ್ತು. ಹಾಡು ಬರೆದ ಸ್ಟಿಂಗ್‌ಗೆ ಆಗ ಮೊದಲ ಮದುವೆ ಮುರಿಯುತ್ತಿದ್ದ ಕಾಲ. ಹಾಡಿನ ಮನುಷ್ಯ ಬಿಟ್ಟುಹೋದವಳ ಪ್ರತಿ ಹೆಜ್ಜೆಯನ್ನೂ ನೋಡುತ್ತಿರುತ್ತೇನೆ ಅನ್ನುತ್ತಾನೆ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಬೆನ್ನು ಬಿಡದ ಕಾಟದ ಮನುಷ್ಯ. ರಾಗ ಮಾತ್ರ ಎಷ್ಟು ಮೆದು ಅಂದರೆ ಜನ ಅದನ್ನು ಮದುವೆಗಳಲ್ಲಿ ಹಾಕಿಕೊಂಡು ಕುಣಿದರು, ಈಗಲೂ ಕುಣಿಯುತ್ತಾರೆ. ಇದು ಕ್ರೂರವಾದ ಹಾಡು, ಜನ ಪ್ರೇಮಗೀತೆ ಅಂದುಕೊಂಡಿದ್ದಾರೆ ಅಂತ ಸ್ಟಿಂಗ್ ಹೇಳಿ ಹೇಳಿ ಸಾಕಾಗಿದ್ದಾನೆ.

ಅಲ್ಲಿಗೆ ಇನ್ನೊಂದು ವಿಷಯ ಸಿಕ್ಕಿತು. ಸಾಹಿತ್ಯ ಒಂದು ಕಡೆ ಎಳೆಯುತ್ತದೆ, ರಾಗ ಇನ್ನೊಂದು ಕಡೆ. ಅರ್ಥ ಇರುವುದು ಆ ಎಳೆದಾಟದಲ್ಲಿ. 'ಫಾಸ್ಟರ್ ದಿ ಪೀಪಲ್' ತಂಡದ 'ಪಂಪ್ಡ್ ಅಪ್ ಕಿಕ್ಸ್' ಇನ್ನೂ ವಿಚಿತ್ರ. ಸಿಳ್ಳೆ ಹೊಡೆಯುವಂಥ ಖುಷಿಯ ರಾಗ, ಒಳಗೆ ಬಂದೂಕು ಹಿಡಿಯಲು ಹೊರಟ ಹುಡುಗನ ತಲೆಯಲ್ಲಿ ಓಡುವ ಯೋಚನೆ. ಗುನುಗುತ್ತ ಗುನುಗುತ್ತ ಒಂದು ದಿನ ಸಾಲು ತಿಳಿದಾಗ ಬೆಚ್ಚಿಬೀಳುತ್ತೇವಲ್ಲ, ಹಾಡು ನಮ್ಮಿಂದ ಕೆಲಸ ಮಾಡಿಸಿಕೊಳ್ಳುವುದು ಹಾಗೆ. ಇಂಥ ಹುಡುಗರು ಕಣ್ಣೆದುರೇ ಇದ್ದರೂ ನಾವು ಸಿಳ್ಳೆ ಹೊಡೆಯುತ್ತ ಹೋಗಿಬಿಡುತ್ತೇವೆ ಅನ್ನುವುದನ್ನು ಅದು ವಾದ ಮಾಡದೆ ತೋರಿಸುತ್ತದೆ. ಬರೀ ಸಾಹಿತ್ಯವನ್ನು ಫೋನಿನಲ್ಲಿ ಓದಿದವರಿಗೆ ಈ ಅರ್ಧ ಸಿಗುವುದೇ ಇಲ್ಲ. ಮುದಗಲ್ಲಿನ ಮೊಹರಂ ನೋಡಿದವರಿಗೆ ಈ ಎಳೆದಾಟ ಹೊಸದಲ್ಲ. ಕೆಳಗೆ ಹಲಗೆಯ ಬಡಿತಕ್ಕೆ ಹೆಜ್ಜೆ ಬೀಳುತ್ತಿರುತ್ತದೆ, ಹಾಡಿನೊಳಗೆ ಕರ್ಬಲಾದ ಬಾಯಾರಿಕೆ ಮತ್ತು ಸಾವು.

ಯಾರ ಮಾತು ಅಂತ ಕೇಳದೆ ತೀರ್ಪು ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲಿ ಒಂದು ಕಥೆಯೇ ನಡೆದಿದೆ. 1985ರ ಸೆಪ್ಟೆಂಬರ್ 19ರಂದು ಅಲ್ಲಿನ ಸೆನೆಟ್ ಸಮಿತಿ ಕೆಟ್ಟ ಹಾಡುಗಳ ಬಗ್ಗೆ ವಿಚಾರಣೆ ನಡೆಸಿತು. ಒತ್ತಾಯ ತಂದದ್ದು ಟಿಪ್ಪರ್ ಗೋರ್ ಮತ್ತು ಇತರ ತಾಯಂದಿರ ಗುಂಪು. ಟಿಪ್ಪರ್ ಆಗ ಸೆನೆಟರ್ ಆಗಿದ್ದ ಆಲ್ ಗೋರ್ ಅವರ ಹೆಂಡತಿ. 'ಟ್ವಿಸ್ಟೆಡ್ ಸಿಸ್ಟರ್' ತಂಡದ ಒಂದು ಹಾಡಿನಲ್ಲಿ ಕಟ್ಟಿಹಾಕುವುದು, ಹರಿತವಾದ ಅಲಗು, ಅಸಹಾಯಕತೆ ಎಲ್ಲ ಇತ್ತು. ಲೈಂಗಿಕ ಹಿಂಸೆಯ ಹಾಡು ಇದು ಅಂತ ಆಕೆ ಬರೆದಿದ್ದರು. ಹಾಡುಗಾರ ಡೀ ಸ್ನೈಡರ್ ಕೆದರಿದ ಕೂದಲು, ತೋಳಿಲ್ಲದ ಜಾಕೆಟ್ಟಿನಲ್ಲಿ ಸಮಿತಿಯ ಮುಂದೆ ಬಂದು ಕೂತ. ತಂಡದ ಗಿಟಾರ್ ವಾದಕನ ಗಂಟಲ ಆಪರೇಷನ್ ಇತ್ತು, ಆಪರೇಷನ್ ಟೇಬಲ್ ಮೇಲೆ ಮಲಗಿದವನ ಭಯ ಅದು, ನೀವು ಹೇಳುವುದು ಹಾಡಿನಲ್ಲಿಲ್ಲ, ನಿಮ್ಮ ತಲೆಯಲ್ಲಿದೆ ಅಂದ. ಅದೇ ದಿನ ಗಾಯಕ ಜಾನ್ ಡೆನ್ವರ್ ಕೂಡ ಬಂದಿದ್ದ. ಬೆಟ್ಟದ ಚೆಲುವು ನೋಡಿ ಬರೆದ ತನ್ನ ಹಾಡನ್ನು ಕೆಲವು ರೇಡಿಯೋದವರು ಮಾದಕ ದ್ರವ್ಯದ ಹಾಡು ಅಂತ ನಿಲ್ಲಿಸಿದ್ದನ್ನು ಹೇಳಿದ. ಆ ಗಲಾಟೆಯಿಂದ ಹುಟ್ಟಿದ್ದೇ ಆಲ್ಬಮ್ಮಿನ ಮೇಲಿನ ಎಚ್ಚರಿಕೆ ಚೀಟಿ. ಇವತ್ತು ಆ್ಯಪ್‌ಗಳಲ್ಲಿ ಹಾಡಿನ ಪಕ್ಕ ಕಾಣುವ 'ಎಕ್ಸ್‌ಪ್ಲಿಸಿಟ್' ಗುರುತು ಅದೇ ಮನೆತನದ್ದು. ಆ ಗುರುತು ಬೈಗುಳ ಎಣಿಸುತ್ತದೆ, ಅರ್ಥ ಹೇಳುವುದಿಲ್ಲ.

ಹಾಗಂತ ಹಾಡಿದವರು ಹೇಳಿದ್ದೇ ಕೊನೆಯ ಮಾತು ಅಂತಲೂ ಅಲ್ಲ. ಡೀ ಸ್ನೈಡರ್‌ನ ಉತ್ತರ ಚೆನ್ನಾಗಿದೆ. ಆದರೆ ಗೊತ್ತಿಲ್ಲದ ಕೇಳುಗನಿಗೆ ಆ ಸಾಲುಗಳಲ್ಲಿ ಆಸ್ಪತ್ರೆ ಕಾಣಲೇಬೇಕು ಅಂತೇನೂ ಇಲ್ಲ. ನನ್ನ ಲೆಕ್ಕ ಹೀಗಿದೆ. ಹಾಡಿನಲ್ಲಿ ಮಾತಾಡುವುದು ಯಾರು ಅನ್ನುವುದಕ್ಕೆ ಬರೆದವರ ಮಾತಿಗೆ ತೂಕ ಜಾಸ್ತಿ. ಆ ಮಾತು ಕೇಳುಗರಿಗೆ ಏನು ಮಾಡುತ್ತದೆ ಅನ್ನುವುದಕ್ಕೆ ಅವರ ಮಾತು ಹತ್ತರಲ್ಲಿ ಒಂದು, ಅಷ್ಟೇ.

ಲಾನಾ ಡೆಲ್ ರೇ ವಿಷಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2014ರಲ್ಲಿ ಬಂದ ಆಕೆಯ 'ಅಲ್ಟ್ರಾವಯಲೆನ್ಸ್' ಆಲ್ಬಮ್ಮಿನ ಅದೇ ಹೆಸರಿನ ಹಾಡಿನಲ್ಲಿ ಹೊಡೆಯುವ ಗಂಡಸನ್ನು ಪ್ರೀತಿಸುವ ಹೆಂಗಸಿನ ದನಿ ಇದೆ. ಪೆಟ್ಟನ್ನು ಪ್ರೀತಿ ಅಂತ ಚಂದಗಾಣಿಸುತ್ತಿದ್ದಾಳೆ ಅಂತ ಹಲವರು ಟೀಕಿಸಿದರು. ಇಂಥ ಸಂಬಂಧಗಳು ಇರುವುದು ನಿಜ, ಇರುವುದನ್ನೇ ಹಾಡಿದ್ದೇನೆ ಅಂತ ಆಕೆ 2020ರಲ್ಲಿ ಸಿಟ್ಟಿನಿಂದಲೇ ಉತ್ತರಿಸಿದಳು. ಇಬ್ಬರದ್ದೂ ಪೂರ್ತಿ ಸುಳ್ಳಲ್ಲ. 'ಬರಿ ಎ ಫ್ರೆಂಡ್'ನಲ್ಲಿ ಹಾಡುವವಳಿಗೂ ಪಾತ್ರಕ್ಕೂ ನಡುವೆ ಇರುವ ಅಂತರ ಎದ್ದು ಕಾಣುತ್ತದೆ, ಅಲ್ಲಿರುವುದು ದೆವ್ವ ತಾನೇ. ಸ್ಟಿಂಗ್‌ನ ಹಾಡಿನಲ್ಲಿ ಅಂತರ ಇದೆ, ಕಾಣುವುದು ಕಷ್ಟ. ಲಾನಾಳ ಹಾಡಿನಲ್ಲಿ ಅಂತರ ಇದೆಯೋ ಇಲ್ಲವೋ ಅನ್ನುವುದೇ ಜಗಳ. ವಯೊಲಿನ್ನು, ಮಸುಕು ಬೆಳಕು, ಹಳೆಯ ಕಾಲದ ಉಡುಪು ಎಲ್ಲ ಸೇರಿ ನೋವನ್ನೇ ಆಭರಣ ಮಾಡಿದ ಹಾಗೆ ನನಗಂತೂ ಅನ್ನಿಸುತ್ತದೆ. ದುಃಖವೂ ಒಂದು ಸರಕು, ಅದಕ್ಕೂ ಅಂಗಡಿ ಇದೆ. ಹದಿನಾರರ ಹುಡುಗಿ ಇದನ್ನು ಕೇಳಬಾರದು ಅಂತ ನಾನು ಹೇಳುವುದಿಲ್ಲ. ಹಾಡಿನ ಹೆಂಗಸು ಸರಿ ಅನ್ನಿಸ್ತಾಳಾ ನಿನಗೆ ಅಂತ ಒಂದು ಸಲ ಕೇಳಿ ನೋಡಬೇಕು. ಬರುವ ಉತ್ತರ ಎಷ್ಟೋ ಸಲ ನಮ್ಮದಕ್ಕಿಂತ ಚುರುಕಾಗಿರುತ್ತದೆ.

ಈಗ ಆ ತಾಯಿಯ ನಿಜವಾದ ಭಯಕ್ಕೆ ಬರೋಣ. ಇಂಥ ಹಾಡು ಮಕ್ಕಳನ್ನು ಸಾವಿನ ಕಡೆ ತಳ್ಳುತ್ತದೆಯೇ?

ಈ ಭಯ ಹಳೆಯದು. 1930ರ ದಶಕದಲ್ಲಿ ಹಂಗೇರಿಯ 'ಗ್ಲೂಮಿ ಸಂಡೆ' ಹಾಡು ಕೇಳಿ ಜನ ಸಾಯುತ್ತಿದ್ದಾರೆ ಅಂತ ಸುದ್ದಿ ಹಬ್ಬಿತ್ತು. ಬಿಬಿಸಿ ಅದರ, ಬಿಲ್ಲಿ ಹಾಲಿಡೇ ಅನ್ನುವ ಹಳೆಯ ಗಾಯಕಿ ಹಾಡಿದ ರೂಪದ ಪ್ರಸಾರ ನಿಲ್ಲಿಸಿತ್ತು, ನಿರ್ಬಂಧ ತೆಗೆದದ್ದು 2002ರಲ್ಲಿ. ಹಾಡಿನಿಂದಲೇ ಸತ್ತರು ಅಂತ ಮಾತ್ರ ಯಾರೂ ಸಾಬೀತು ಮಾಡಲಿಲ್ಲ. ಬಡತನ, ಯುದ್ಧದ ಭಯ ಎರಡೂ ಇದ್ದ ಕಾಲ ಅದು. 1990ರಲ್ಲಿ ಅಮೆರಿಕದ ರೀನೋ ನಗರದಲ್ಲಿ 'ಜುಡಾಸ್ ಪ್ರೀಸ್ಟ್' ತಂಡದ ಮೇಲೆ ಮೊಕದ್ದಮೆ ನಡೆಯಿತು. ಸಾಯಲು ಪ್ರಚೋದಿಸುವ ಮಾತನ್ನು ಹಾಡಿನೊಳಗೆ ಬಚ್ಚಿಟ್ಟಿದ್ದಾರೆ ಅಂತ ಆರೋಪ. ಹಾಡುಗಾರ ಉಸಿರು ಬಿಟ್ಟ ಸದ್ದೂ ಗಿಟಾರಿನ ಸದ್ದೂ ಆಕಸ್ಮಿಕವಾಗಿ ಕೂಡಿ ಹಾಗೆ ಕೇಳಿಸಿದೆ ಅಂದ ನ್ಯಾಯಾಧೀಶರು ತಂಡವನ್ನು ಬಿಟ್ಟರು.

2019ರಲ್ಲಿ ಅಮೆರಿಕದ ಸೌತ್ ಫ್ಲೋರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಖಿನ್ನತೆ ಇರುವವರು ದುಃಖದ ಸಂಗೀತವನ್ನೇ ಯಾಕೆ ಆರಿಸಿಕೊಳ್ಳುತ್ತಾರೆ ಅಂತ ನೋಡಿದರು. ದುಃಖದಲ್ಲೇ ಉಳಿಯಬೇಕು ಅಂತ ಆರಿಸಿಕೊಳ್ಳುವುದಲ್ಲ, ಅದು ಮನಸ್ಸನ್ನು ಶಾಂತ ಮಾಡುತ್ತದೆ ಅಂತ ಅವರು ಹೇಳಿದ್ದು ಕಂಡುಬಂತು. ಇದನ್ನೇ ಎಲ್ಲರಿಗೂ ಹಾಕಿ ನೋಡಬಾರದು. ನೋವನ್ನೇ ಮತ್ತೆ ಮತ್ತೆ ಮೆಲುಕು ಹಾಕುವವರಿಗೆ ಅದೇ ಹಾಡು ಭಾರವಾಗಲೂಬಹುದು. ಒಟ್ಟಿನಲ್ಲಿ ಹಾಡಿನ ಸಾಲು ನೋಡಿ ಮಗುವಿನ ಸ್ಥಿತಿ ಹೇಳಲು ಆಗುವುದಿಲ್ಲ. ಊಟ, ನಿದ್ದೆ, ಗೆಳೆತನ, ಓದು, ಮೊದಲು ಇಷ್ಟಪಡುತ್ತಿದ್ದ ಕೆಲಸ, ಇವುಗಳಲ್ಲಿ ಬದಲಾವಣೆ ಆಗಿದೆಯಾ ಅಂತ ನೋಡಿದರೆ ಎಷ್ಟೋ ಹೆಚ್ಚು ತಿಳಿಯುತ್ತದೆ.

ಬಿಲ್ಲಿ ಐಲಿಶ್‌ಳದೇ ಇನ್ನೊಂದು ಹಾಡಿದೆ, 2019ರ ನವೆಂಬರಿನದು, 'ಎವ್ರಿಥಿಂಗ್ ಐ ವಾಂಟೆಡ್'. ತಾನು ಜೀವ ಕಳೆದುಕೊಂಡ ಹಾಗೆ, ಯಾರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹಾಗೆ ಆಕೆಗೆ ಬಿದ್ದ ಕನಸಿನಿಂದ ಹುಟ್ಟಿದ್ದು. ಇಲ್ಲಿ ಪಾತ್ರದ ಮುಖವಾಡ ಇಲ್ಲ, ಮಾತು ಅವಳದ್ದೇ. ಆದರೆ ಕನಸು ಕಂಡವಳು ಎದ್ದು ಅಣ್ಣನಿಗೆ ಹೇಳಿದಳು. ಅಣ್ಣ-ತಂಗಿ ಕೂತು ಬರೆದ ಹಾಡು ಕೊನೆಗೆ ಅಣ್ಣ ಜೊತೆಗಿದ್ದಾನೆ ಅನ್ನುವ ಹಾಡಾಯಿತು. ಮೊದಲ ನಾಲ್ಕು ಸಾಲು ಓದಿ ಫೋನ್ ಕಿತ್ತುಕೊಂಡವರಿಗೆ ಈ ಅಣ್ಣ ಕಾಣಿಸುವುದೇ ಇಲ್ಲ.

ಹಾಗೆ ನೋಡಿದರೆ ನಮ್ಮ ಹೆಣ್ಣುಮಕ್ಕಳು ಹಾಡಿಕೊಂಡು ಬಂದ 'ಕೆರೆಗೆ ಹಾರ'ಕ್ಕಿಂತ ಕಪ್ಪಾದ ಹಾಡು ಯಾವುದಿದೆ? ಕೆರೆ ಕಟ್ಟಿಸಿದರು, ಹನಿ ನೀರು ಬೀಳಲಿಲ್ಲ, ಕಿರಿಸೊಸೆ ಭಾಗೀರತಿಯನ್ನು ಬಲಿ ಕೊಡಬೇಕು ಅಂತ ಮನೆಯವರೇ ನಿಶ್ಚಯಿಸಿದರು. ದಂಡಿಗೆ ಹೋಗಿದ್ದ ಗಂಡ ಮರಳಿ ಬಂದು ಅದೇ ಕೆರೆಗೆ ಹಾರಿದ. ಇದು ತಪ್ಪು ಅಂತ ಹಾಡು ಎಲ್ಲೂ ಬಾಯಿ ಬಿಟ್ಟು ಹೇಳುವುದಿಲ್ಲ. ಸುಮ್ನೆ ನಡೆದದ್ದನ್ನು ಒಂದರ ಮೇಲೊಂದು ಹೇಳುತ್ತ ಹೋಗುತ್ತದೆ. ಆ ಸುಮ್ಮನಿರುವಿಕೆಯೇ ಸಿಟ್ಟು. ಇದನ್ನು ಪಾಠದಲ್ಲಿ ಓದಿದ ನಾವು ಯಾರೂ ಅದು ನರಬಲಿಯನ್ನು ಹೊಗಳುವ ಹಾಡು ಅಂದುಕೊಳ್ಳಲಿಲ್ಲ. ಕಪ್ಪು ಹಾಡು ಓದುವ ಕಣ್ಣು ನಮಗೆ ಇದೆ, ಇಂಗ್ಲಿಷ್ ಅಂದ ಕೂಡಲೇ ಅದನ್ನು ಮುಚ್ಚಿಕೊಳ್ಳುತ್ತೇವೆ.

ಆ ಹಾಡಿನ ಒಂದು ಭಾಗ ಈ ತಾಯಂದಿರಿಗೆ ನೇರವಾಗಿ ಸಂಬಂಧಿಸಿದ್ದು. ಸಾವು ಗೊತ್ತಾದ ಮೇಲೆ ಭಾಗೀರತಿ ತವರಿಗೆ ಓಡುತ್ತಾಳೆ. ಮುಖ ಬಾಡಿದ್ದು ಅಪ್ಪನಿಗೆ ಕಾಣುತ್ತದೆ. ಯಾಕವ್ವ ಅಂತ ಕೇಳುತ್ತಾನೆ. ಅತ್ತೆ-ಮಾವ ಬೇರೆ ಇಡುತ್ತಾರಂತೆ ಅಂತ ಅವಳು ಬೇರೆ ಏನೋ ಹೇಳಿಬಿಡುತ್ತಾಳೆ. ಇಟ್ಟರೆ ಇಡಲಿ ಬಿಡು, ಹೊಲ-ಮನೆ ಕೊಡುತ್ತೇನೆ ಅಂತ ಅಪ್ಪ ಅಲ್ಲಿಗೇ ಮಾತು ಮುಗಿಸುತ್ತಾನೆ. ತಾಯಿಯ ಹತ್ತಿರವೂ ಹಾಗೇ ಆಗುತ್ತದೆ. ನಿಜ ಹೇಳುವುದು ಗೆಳತಿಯ ಹತ್ತಿರ ಮಾತ್ರ. ಗೆಳತಿಯಾದರೂ ಏನು ಮಾಡುತ್ತಾಳೆ? ಕೊಟ್ಟರೆ ಕೊಡಲಿ ಬಿಡು, ಅವರು ಇಟ್ಟ ಹಾಗೆ ಇರಬೇಕು ಅನ್ನುತ್ತಾಳೆ.

ಅಪ್ಪ ಇನ್ನೊಂದೇ ಪ್ರಶ್ನೆ ಕೇಳಬೇಕಿತ್ತು. ಮಗಳು ಯಾವುದೋ ಹಾಡನ್ನು ದಿನವಿಡೀ ಕೇಳುತ್ತಿದ್ದರೆ ಆ ಹಾಡು ಯಾಕೆ ಇಷ್ಟ ಅಂತ ಕೇಳಿ, ಮೊದಲ ಉತ್ತರಕ್ಕೆ ನಿಲ್ಲಿಸಬೇಡಿ. ಯಾವ ಸಾಲು ಇಷ್ಟ, ಅಲ್ಲಿ ಮಾತಾಡುವವರು ಯಾರು ಅಂತ ನಿನಗನ್ನಿಸುತ್ತದೆ ಅಂತ ಕೇಳಿ. ಜೊತೆಗೆ ಕೂತು ಒಂದು ಇಯರ್‌ಫೋನ್ ನಿಮ್ಮ ಕಿವಿಗೂ ಹಾಕಿಕೊಳ್ಳಿ. "ಬೀಟ್ ಚೆನ್ನಾಗಿದೆ ಅಷ್ಟೇನಮ್ಮ" ಅಂದರೆ ಬಹಳ ಸಲ ಅದು ಅಷ್ಟೇ ಆಗಿರುತ್ತದೆ. "ಆ ಹುಡುಗಿ ನಾನೇ ಅನ್ಸುತ್ತೆ" ಅಂದರೆ ಹಾಡನ್ನು ಪಕ್ಕಕ್ಕಿಟ್ಟು ಮಗಳ ಮಾತು ಕೇಳುವ ಹೊತ್ತು ಬಂತು ಅಂತ ತಿಳಿಯಿರಿ. ಆ ಮಾತು ಭಾರ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಉಚಿತ, ಹಗಲು-ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹಾಸ್ಟೆಲಿನ ಪಕ್ಕದ ಮಂಚದ ಗೆಳತಿಯೂ ಆ ನಂಬರಿಗೆ ಕರೆ ಮಾಡಬಹುದು.